ಹಳೆಯ ಸ್ಯಾಕ್ಸೋಫೋನಿಗೆ ಬೆಲೆ ಕಟ್ಟುವ ಮೊದಲು

(ಓದುಗರ ಪ್ರಶ್ನೆ, ನಮ್ಮ ಉತ್ತರ: ವಾದ್ಯಗಳ ಆರೈಕೆ, ಕೊಳ್ಳುವಿಕೆ, ಮಾರಾಟ)

ಪ್ರಶ್ನೆ: ಮಾನ್ಯರೇ, ನನ್ನ ತಂದೆಯವರು ಬಂಟ್ವಾಳ, ಪುತ್ತೂರು ಕಡೆಯಲ್ಲಿ ಮೊದಲು ಬ್ಯಾಂಡ್‌ಸೆಟ್ಟಿನಲ್ಲಿ, ಆಮೇಲೆ ಮದುವೆ ದಿಬ್ಬಣಗಳಲ್ಲಿ ಮತ್ತು ದೇವಸ್ಥಾನದ ಉತ್ಸವಗಳಲ್ಲಿ ನಲವತ್ತು ವರ್ಷ ಸ್ಯಾಕ್ಸೋಫೋನ್ ನುಡಿಸಿದವರು. 1968ರಲ್ಲಿ ಬೊಂಬಾಯಿಯ ಧೋಬಿ ತಲಾವ್‌ನಲ್ಲಿ, ಹೋಟೆಲಿನ ಬ್ಯಾಂಡಿನಲ್ಲಿದ್ದ ಗೋವೆಯ ಕಲಾವಿದರೊಬ್ಬರಿಂದ ಅವರು ಈ ಆಲ್ಟೋ ಸ್ಯಾಕ್ಸೋಫೋನನ್ನು ಕೊಂಡಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ವಾದ್ಯ ಅಟ್ಟದಲ್ಲಿ ಹಾಳಾಗುತ್ತಿರುವುದನ್ನು ನೋಡಲಾರದೆ ಕಳೆದ ವರ್ಷ 42,000 ರೂಪಾಯಿ ಕೊಟ್ಟು ಪೂರ್ತಿ ರಿಪೇರಿ ಮಾಡಿಸಿದ್ದೇನೆ. ಹಿಂಭಾಗದಲ್ಲಿ ಕಾನ್ ಕಂಪನಿಯ ಪೇಟೆಂಟ್ ಮುದ್ರೆಯೂ 1914 ಎಂಬ ಇಸವಿಯೂ 1119954 ಎಂಬ ಸಂಖ್ಯೆಯೂ ಇವೆ. ಅದರ ಕೆಳಗೆ ಎಂ ಅಕ್ಷರ, 2 ಲಕ್ಷ 90 ಸಾವಿರದ ಆಸುಪಾಸಿನ ಇನ್ನೊಂದು ಸಂಖ್ಯೆ, ಎಲ್ ಎಂಬ ಅಕ್ಷರ ಇವೆ. ಬೆಲ್ಲಿನ (ವಾದ್ಯದ ಅಗಲವಾದ ಬಾಯಿಯ) ಮೇಲೆ ಹೆಂಗಸಿನ ಚಿತ್ರ ಕೆತ್ತಿದ್ದಾರೆ. ನನ್ನ ತಮ್ಮನ ಪ್ರಕಾರ ಇದು ನೂರು ವರ್ಷ ದಾಟಿದ ವಾದ್ಯ, ಹೊಳಪು ಕೊಡಿಸಿ ಹೊಸ ಲ್ಯಾಕರ್ (ಹಿತ್ತಾಳೆಯ ಮೇಲಿನ ಹೊಳಪಿನ ಲೇಪ) ಹಾಕಿಸಿದರೆ ಐದಾರು ಲಕ್ಷ ಬರುತ್ತದೆ. ನಮ್ಮ ಮನೆಯಲ್ಲಿ ಇದನ್ನು ನುಡಿಸುವವರು ಯಾರೂ ಇಲ್ಲ. ಎಷ್ಟಕ್ಕೆ ಮಾರಬಹುದು, ಹೇಗೆ ಮಾರಬೇಕು, ದಯವಿಟ್ಟು ತಿಳಿಸಿರಿ.
— ಓದುಗರು, ಪುತ್ತೂರು ತಾಲ್ಲೂಕು

ಉತ್ತರ: ನಿಮ್ಮ ತಮ್ಮನವರಿಗೆ ಮೊದಲು ಒಂದು ಮಾತು ಹೇಳಿರಿ: ಲ್ಯಾಕರಿನ ಯೋಚನೆಯನ್ನು ಈಗಲೇ ಕೈಬಿಡಬೇಕು. ಉಳಿದದ್ದೆಲ್ಲ ನಿಧಾನವಾಗಿ ಆಗುವ ಕೆಲಸ. ಉಜ್ಜಿ ಹೊಳಪು ಕೊಡುವ ಬಫಿಂಗ್ ಯಂತ್ರಕ್ಕೆ ಒಮ್ಮೆ ಕೊಟ್ಟ ವಾದ್ಯವನ್ನು ಮಾತ್ರ ಮತ್ತೆ ಹಿಂದಿನ ಸ್ಥಿತಿಗೆ ತರಲು ಯಾರಿಂದಲೂ ಸಾಧ್ಯವಿಲ್ಲ.

ಅದಕ್ಕೆ ಕಾರಣ ಹೇಳುವ ಮೊದಲು ನಿಮ್ಮ ಕೈಯಲ್ಲಿರುವುದು ಏನೆಂಬುದನ್ನು ಗುರುತಿಸೋಣ. 1914 ಎಂಬುದು ತಯಾರಿಕೆಯ ಇಸವಿಯಲ್ಲ. ವಾದ್ಯದ ಮೈಯಿಂದಲೇ ರಂಧ್ರದ ಅಂಚನ್ನು ಎಳೆದು ಎಬ್ಬಿಸುವ ವಿಧಾನಕ್ಕೆ 1914ರ ಡಿಸೆಂಬರ್ 8ರಂದು ಅಮೆರಿಕದಲ್ಲಿ ಸಿಕ್ಕ ಪೇಟೆಂಟಿನ ದಿನಾಂಕ ಅದು, ಮತ್ತು 1119954 ಎಂಬುದು ಆ ಪೇಟೆಂಟಿನ ಸಂಖ್ಯೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರಿನ ಕಾನ್ ಕಂಪನಿ ಇದನ್ನು ಎಷ್ಟೋ ವರ್ಷಗಳ ಕಾಲ ತನ್ನ ಸ್ಯಾಕ್ಸೋಫೋನುಗಳ ಮೇಲೆಲ್ಲ ಒಂದೇ ಸಮನೆ ಒತ್ತಿತು. ಹಾಗಾಗಿ ಸಾವಿರಾರು ವಾದ್ಯಗಳ ಮೇಲೆ ಇದೇ ಇಸವಿ, ಇದೇ ಸಂಖ್ಯೆ ಕಾಣಸಿಗುತ್ತವೆ, ಮತ್ತು ಮನೆಯವರು ಅದನ್ನೇ ವಾದ್ಯದ ವಯಸ್ಸೆಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ನಿಮ್ಮ ವಾದ್ಯದ ನಿಜವಾದ ಸೀರಿಯಲ್ ಸಂಖ್ಯೆ ಅದರ ಕೆಳಗಿರುವ ಆರಂಕಿಯ ಸಂಖ್ಯೆ. ನೀವು ಹೇಳುವ ಸಂಖ್ಯೆ ಮತ್ತು ಬೆಲ್ಲಿನ ಮೇಲೆ ಐದು ಮೂಲೆಯ ಚೌಕಟ್ಟಿನೊಳಗಿನ ಹೆಂಗಸಿನ ಚಿತ್ರ, ಇವೆರಡನ್ನೂ ಕೂಡಿಸಿ ನೋಡಿದರೆ ಅದು ಕಾನ್ 6ಎಂ ಮಾದರಿಯ ಆಲ್ಟೋ, 1940ರ ಆಚೀಚೆ ತಯಾರಾದದ್ದು ಎನ್ನಬಹುದು. ಎಲ್ ಎಂಬ ಅಕ್ಷರ ಶ್ರುತಿಯ ಗುರುತು. ಇಂದಿನ ಶ್ರುತಿಗೇ ಕೂಡುವ ವಾದ್ಯ ನಿಮ್ಮದು ಎಂದು ಅರ್ಥ. ಅದು ಒಳ್ಳೆಯ ಸುದ್ದಿ.

ಈ ಮಾದರಿಗೆ ಜಾಜ್ ಸಂಗೀತದ ಲೋಕದಲ್ಲಿ ಗೌರವದ ಸ್ಥಾನವಿದೆ. ಚಾರ್ಲಿ ಪಾರ್ಕರ್ ಅವರು 1940ರ ದಶಕದಲ್ಲಿ ನುಡಿಸಿದ ವಾದ್ಯಗಳಲ್ಲಿ 6ಎಂ ಕೂಡ ಒಂದು. ಆದರೂ ಐದಾರು ಲಕ್ಷ ಎಂಬ ಲೆಕ್ಕ ಬೇರೆ ವಾದ್ಯದ್ದು. ಪ್ಯಾರಿಸಿನ ಸೆಲ್ಮರ್ ಕಂಪನಿ 1954ರಿಂದ ತಯಾರಿಸಿದ ಮಾರ್ಕ್ ಸಿಕ್ಸ್ ಎಂಬ ಮಾದರಿಗೆ ಅಷ್ಟು ಬೆಲೆ ಬರುವುದುಂಟು, ಅದರಲ್ಲಿಯೂ ಐದಂಕಿಯ ಸೀರಿಯಲ್ ಸಂಖ್ಯೆಯವುಗಳಿಗೆ ಇನ್ನೂ ಹೆಚ್ಚು ಬರುತ್ತದೆ. ಚೆನ್ನಾಗಿ ನುಡಿಯುವ ಸ್ಥಿತಿಯಲ್ಲಿರುವ 6ಎಂ ಆಲ್ಟೋಗಳು ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದು ಸಾವಿರದಿಂದ ಎರಡೂವರೆ ಸಾವಿರ ಡಾಲರಿನೊಳಗೆ ಕೈ ಬದಲಾಯಿಸುತ್ತವೆ. ಇಲ್ಲಿ ಕೊಳ್ಳುವವರ ಸಂಖ್ಯೆ ಕಡಿಮೆ, ಆದ್ದರಿಂದ ಆ ಅಂತರದ ಕೆಳಗಿನ ಅರ್ಧವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿರಾಸೆಯಾಗುವುದಿಲ್ಲ. ಅಂತರ್ಜಾಲದಲ್ಲಿ ಬೆಲೆ ಹುಡುಕುವಾಗ ಮಾರುವವರು ಕೇಳುತ್ತಿರುವ ಬೆಲೆಯನ್ನು ನೋಡದೆ, ಮಾರಾಟ ಮುಗಿದ ವಾದ್ಯಗಳಿಗೆ ಸಿಕ್ಕ ಬೆಲೆಯನ್ನು ಮಾತ್ರ ನೋಡಬೇಕು. ಕೇಳುವ ಬೆಲೆಗೆ ಮಿತಿಯಿಲ್ಲ. ಎರಡು ವರ್ಷದಿಂದ ಯಾರೂ ಮುಟ್ಟದೆ ಬಿದ್ದಿರುವ ವಾದ್ಯಕ್ಕೂ ದೊಡ್ಡ ಬೆಲೆ ಬರೆದಿರುತ್ತಾರೆ.

ಇನ್ನು ಲ್ಯಾಕರಿನ ವಿಷಯ. ಹಳೆಯ ಲ್ಯಾಕರ್ ತೆಗೆದು ಹೊಸತು ಹಾಕಬೇಕಾದರೆ ಹಿತ್ತಾಳೆಯನ್ನು ಬಫಿಂಗ್ ಚಕ್ರಕ್ಕೆ ಹಿಡಿಯಬೇಕು. ಆ ಚಕ್ರ ಕೊಳೆಯ ಜೊತೆಗೆ ಲೋಹವನ್ನೂ ತಿನ್ನುತ್ತದೆ. ಕೆತ್ತನೆಯ ಗೆರೆಗಳು ಮಸುಕಾಗುತ್ತವೆ, ಸೀರಿಯಲ್ ಸಂಖ್ಯೆಯ ಅಂಚು ಸವೆಯುತ್ತದೆ, ಕೀಲಿಗಳ ಕಂಬಗಳ ಮೂಲೆಗಳು ದುಂಡಗಾಗುತ್ತವೆ, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಪ್ಯಾಡು (ರಂಧ್ರ ಮುಚ್ಚುವ ಮೆತ್ತೆ) ಕೂರುವ ರಂಧ್ರಗಳ ಅಂಚು ಏರುಪೇರಾಗುತ್ತದೆ. ನಿಮ್ಮ ವಾದ್ಯದ ರಂಧ್ರಗಳ ಅಂಚು ಹೊರಕ್ಕೆ ಸುರುಳಿಯಾಗಿ ಮಡಿಚಿರುತ್ತದೆ. ಬೆರಳಿಟ್ಟು ನೋಡಿದರೆ ಲೋಟದ ಬಾಯಿಯ ಹಾಗೆ ನುಣ್ಣಗೆ ತಾಕುತ್ತದೆ. ಕಾನ್ ವಾದ್ಯಗಳ ಈ ಮಡಿಕೆಯೇ ಅವುಗಳ ಹೆಗ್ಗುರುತು. ಅದನ್ನು ಅರದಿಂದ ಉಜ್ಜಿ ಸಮ ಮಾಡಿದರೆ ಮಡಿಕೆ ತೆರೆದುಕೊಂಡು ವಾದ್ಯ ಕೆಡುತ್ತದೆ. ನಿಮಗೆ ರಿಪೇರಿ ಮಾಡಿಕೊಟ್ಟವರು ಅರ ಬಳಸಿದ್ದಾರೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ, ಏಕೆಂದರೆ ತಿಳಿದ ಗಿರಾಕಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಇದನ್ನು ನಾನು ನಷ್ಟಪಟ್ಟು ಕಲಿತವನು. ಹದಿನೈದು ವರ್ಷಗಳ ಹಿಂದೆ ನನ್ನ ಬಳಿಯಿದ್ದ ಇಂಥದೇ ಒಂದು ಹಳೆಯ ಆಲ್ಟೋವನ್ನು, ಪಾತ್ರೆಗಳಿಗೆ ಮೆರುಗು ಕೊಡುವ ಒಂದು ಕಾರ್ಖಾನೆಗೆ ಒಯ್ದು ಹೊಳಪು ಮಾಡಿಸಿದೆ. ಮರಳಿ ಬಂದಾಗ ಅದು ದೇವಸ್ಥಾನದ ಹೊಸ ದೀಪದ ಹಾಗೆ ಮಿನುಗುತ್ತಿತ್ತು, ಮನೆಯವರೆಲ್ಲ ಸಂತೋಷಪಟ್ಟರು. ಅದನ್ನು ನೋಡಲು ಗೋವೆಯಿಂದ ಬಂದ ಹಿರಿಯ ವಾದಕರು ನುಡಿಸುವುದಕ್ಕಿಂತ ಮೊದಲು ಕೆತ್ತನೆಯ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಬೆರಳಿಗೆ ಗೆರೆ ಸಿಗಲಿಲ್ಲ. ಏನೂ ಮಾತನಾಡದೆ ವಾದ್ಯವನ್ನು ಪೆಟ್ಟಿಗೆಯೊಳಗಿಟ್ಟು, ಕೊಟ್ಟ ಕಾಫಿ ಕುಡಿದು ಹೊರಟರು. ಕೊನೆಗೆ ನಾನು ನಿರೀಕ್ಷಿಸಿದ ಬೆಲೆಯ ಅರ್ಧಕ್ಕೆ ಅದು ಮಾರಾಟವಾಯಿತು. ಆ ವಾದ್ಯದ ಬಗ್ಗೆ ನನಗೆ ಇಂದಿಗೂ ವ್ಯಥೆಯಿದೆ.

ನಿಮ್ಮ ತಂದೆಯವರ ಬಲಗೈ ಇರುತ್ತಿದ್ದ ಜಾಗದಲ್ಲಿ, ಹೆಬ್ಬೆರಳಿನ ಕೊಕ್ಕೆಯ ಬಳಿಯಲ್ಲಿ ಲ್ಯಾಕರ್ ಸವೆದು ಹಿತ್ತಾಳೆ ಕಪ್ಪಾಗಿರಬಹುದು. ಅದು ದೋಷವಲ್ಲ. ಮೂಲ ಲ್ಯಾಕರ್ ಅರ್ಧ ಉಳಿದಿರುವ ವಾದ್ಯಕ್ಕೆ, ಹೊಸ ಲ್ಯಾಕರ್ ಪೂರ್ತಿ ಹಚ್ಚಿದ ವಾದ್ಯಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ. ಒದ್ದೆ ಮಾಡಿ ಹಿಂಡಿದ ಮೃದುವಾದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿದರೆ ಸಾಕು. ಮನೆಯ ಹಿತ್ತಾಳೆ ಪಾತ್ರೆಗೆ ಮಾಡುವಂತೆ ಹುಣಸೆಹಣ್ಣು, ಉಪ್ಪು, ಬೂದಿ ಇವುಗಳನ್ನು ಖಂಡಿತ ಹಚ್ಚಬಾರದು; ಹುಳಿಯೂ ಉಪ್ಪೂ ಕೀಲಿಗಳ ಸಂದುಗಳಲ್ಲಿ ಉಳಿದು ಉಕ್ಕಿನ ಸ್ಪ್ರಿಂಗುಗಳನ್ನು ತಿನ್ನುತ್ತವೆ, ಹಿತ್ತಾಳೆಯೊಳಗಿನ ಸತುವನ್ನು ಕರಗಿಸಿ ಕೆಂಪು ಕಲೆಗಳನ್ನು ಉಳಿಸುತ್ತವೆ. ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಾಲಿಶ್ ಕೂಡ ಮೂಲ ಲ್ಯಾಕರನ್ನು ಎಬ್ಬಿಸುತ್ತದೆ, ಅದೂ ಬೇಡ.

ಪೆಟ್ಟಿಗೆಯೊಳಗೆ ತಂದೆಯವರು ಬಾಯಿಗಿಟ್ಟು ಊದುತ್ತಿದ್ದ ಹಳೆಯ ಮೌತ್‌ಪೀಸುಗಳು, ಹಳೆಯ ರೀಡಿನ (ಅದಕ್ಕೆ ಕಟ್ಟುವ ತೆಳು ಪಟ್ಟಿಯ) ಡಬ್ಬಿ, ಬೊಂಬಾಯಿಯ ಯಾವುದಾದರೂ ರಸೀದಿ ಇದ್ದರೆ ಒಂದನ್ನೂ ಎಸೆಯಬೇಡಿರಿ. ಕಪ್ಪಾಗಿದ್ದದ್ದು ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ ಹಳೆಯ ರಬ್ಬರ್ ಮೌತ್‌ಪೀಸನ್ನು ಕಸವೆಂದು ತಿಳಿದು ಬಿಸಾಡುವವರನ್ನು ನೋಡಿದ್ದೇನೆ. ಕೆಲವೊಮ್ಮೆ ಅದಕ್ಕೇ ಪ್ರತ್ಯೇಕವಾಗಿ ಒಳ್ಳೆಯ ಬೆಲೆ ಇರುತ್ತದೆ. ಅದನ್ನು ಬಿಸಿನೀರಿನಲ್ಲಿ ಮಾತ್ರ ತೊಳೆಯಬಾರದು. ಇನ್ನೊಂದು ವಿಷಯ: ನಿಮ್ಮ ವಾದ್ಯದ ಕತ್ತಿನ ತುದಿಯಲ್ಲಿ, ಮೌತ್‌ಪೀಸ್ ಕೂರುವ ಜಾಗದ ಕೆಳಗೆ ತಿರುಗಿಸುವ ಒಂದು ಉಂಗುರ ಇರಬೇಕು. ಶ್ರುತಿಯನ್ನು ಸೂಕ್ಷ್ಮವಾಗಿ ಹೊಂದಿಸುವ ಸಾಧನ ಅದು, ಮೈಕ್ರೋಟ್ಯೂನರ್ ಎನ್ನುತ್ತಾರೆ. ಅದು ಮೂಲದ್ದೇ ಆಗಿದ್ದು ಸಲೀಸಾಗಿ ತಿರುಗಿದರೆ ಬೆಲೆ ಏರುತ್ತದೆ. ಬಿಗಿದುಕೊಂಡಿದ್ದರೆ ಇಕ್ಕಳ ಹಾಕಿ ಬಲವಂತ ಮಾಡದೆ, ತಿಳಿದವರ ಕೈಗೆ ಕೊಡಿರಿ. ಕತ್ತು ಬೇರೆ ವಾದ್ಯದಿಂದ ತಂದು ಹಾಕಿದ್ದಾದರೆ ಬೆಲೆ ಬಹಳ ಕುಸಿಯುತ್ತದೆ, ಅದನ್ನು ಮುಚ್ಚಿಡಲೂ ಆಗುವುದಿಲ್ಲ.

ನೀವು ಖರ್ಚು ಮಾಡಿದ 42,000 ರೂಪಾಯಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ವಾದ್ಯದ ಬೆಲೆಗೆ ಅಷ್ಟನ್ನೂ ಕೂಡಿಸಿ ಕೇಳುವುದು ನ್ಯಾಯವೆಂದು ನಿಮಗೆ ತೋರುವುದು ಸಹಜ, ಆದರೆ ಕೊಳ್ಳುವವರು ಹಾಗೆ ಲೆಕ್ಕ ಹಾಕುವುದಿಲ್ಲ. ನಾನು ಮೇಲೆ ಹೇಳಿದ ಬೆಲೆಯೇ ರಿಪೇರಿಯಾಗಿ ನುಡಿಯುತ್ತಿರುವ ವಾದ್ಯದ ಬೆಲೆ. ರಿಪೇರಿ ಮಾಡಿಸದೆ ಇದ್ದರೆ ಅದರ ಅರ್ಧವೂ ಬರುತ್ತಿರಲಿಲ್ಲ, ಆದ್ದರಿಂದ ಆ ಹಣ ವ್ಯರ್ಥವಾಗಿಲ್ಲ. ಆದರೆ ರಿಪೇರಿಗೆ ಬೆಲೆ ಸಿಗಬೇಕಾದರೆ ಏನು ರಿಪೇರಿಯಾಗಿದೆ ಎಂಬುದು ಬರಹದಲ್ಲಿರಬೇಕು. ಮಾಡಿಕೊಟ್ಟವರಿಂದ ಒಂದು ಪತ್ರ ಬರೆಸಿಕೊಳ್ಳಿರಿ: ಎಷ್ಟು ಪ್ಯಾಡ್ ಬದಲಾಯಿತು, ಚರ್ಮದ್ದೇ, ಬೇರೆಯದೇ, ಯಾವ ಸ್ಪ್ರಿಂಗುಗಳು ಹೊಸತು, ಎಲ್ಲಿ ಬೆಸುಗೆ ಹಾಕಿದೆ, ಎಲ್ಲೆಲ್ಲಿ ತಗ್ಗು ಎತ್ತಿದೆ, ಕತ್ತಿನ ಕಾರ್ಕ್ ಯಾವಾಗ ಹಾಕಿದ್ದು. ಬಿದ್ದು ಬೆಲ್ಲಿಗೆ ಪೆಟ್ಟಾಗಿ ನೇರ ಮಾಡಿಸಿದ್ದಿದ್ದರೆ ಅದೂ ಇರಲಿ. ಹಳೆಯ ವಾದ್ಯಕ್ಕೆ ಬೆಸುಗೆ ಹಾಕಿದ್ದು ಕೊಳ್ಳುವವರಿಗೆ ಅಡ್ಡಿಯಲ್ಲ, ಹೇಳದೆ ಬಿಟ್ಟ ಬೆಸುಗೆ ಅಡ್ಡಿ. ಒಂದನ್ನು ಮುಚ್ಚಿಟ್ಟದ್ದು ಗೊತ್ತಾದರೆ ಉಳಿದ ಒಂಬತ್ತನ್ನೂ ಅವರು ನಂಬುವುದಿಲ್ಲ.

ಮಾರುವ ಮೊದಲು ಒಬ್ಬ ಒಳ್ಳೆಯ ವಾದಕರನ್ನು ಮನೆಗೆ ಕರೆದು ನುಡಿಸಿಸಿರಿ. ನಿಮ್ಮ ಜಿಲ್ಲೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದಿಂದ ಬಂದು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಈ ವಿದೇಶೀ ವಾದ್ಯವನ್ನು ಕರ್ನಾಟಕ ಸಂಗೀತದ ಕಛೇರಿಯ ವೇದಿಕೆಗೇ ಏರಿಸಿದ ಮೇಲೆ, ತುಳುನಾಡಿನಲ್ಲಿ ಮದುವೆಯಾಗಲಿ, ಜಾತ್ರೆಯಾಗಲಿ, ನೇಮವಾಗಲಿ ಸ್ಯಾಕ್ಸೋಫೋನ್ ಇಲ್ಲದೆ ನಡೆಯುವುದು ಅಪರೂಪವಾಗಿದೆ. ನಿಮ್ಮ ತಂದೆಯವರ ಜೊತೆಗೆ ನುಡಿಸಿದವರೇ ಯಾರಾದರೂ ಇದ್ದಾರು. ಬಂದವರಿಗೆ ಮೇಲಿನ ಸ್ವರಗಳಲ್ಲಿ ಜೋರಾಗಿ ನುಡಿಸಲು ಬಿಡುವುದಕ್ಕಿಂತ, ಅತ್ಯಂತ ಕೆಳಗಿನ ಸ್ವರವನ್ನು ಅತಿ ಮೆಲ್ಲಗೆ ಹಿಡಿದು ನಿಲ್ಲಿಸಲು ಕೇಳಿರಿ. ಎಲ್ಲಿಯಾದರೂ ಒಂದು ಪ್ಯಾಡ್ ಕೂದಲೆಳೆಯಷ್ಟು ಎದ್ದಿದ್ದರೂ ಆ ಸ್ವರ ನಡುಗುತ್ತದೆ, ಇಲ್ಲವೇ ಮೇಲಿನ ಸ್ಥಾಯಿಗೆ ಹಾರುತ್ತದೆ. ಬಳಿಕ ಕತ್ತಲೆ ಕೋಣೆಯಲ್ಲಿ, ತೆಳುವಾದ ತಂತಿಗೆ ಕಟ್ಟಿದ ಸಣ್ಣ ದೀಪವನ್ನು ವಾದ್ಯದೊಳಗೆ ಇಳಿಬಿಟ್ಟು ಕೀಲಿಗಳನ್ನು ಒಂದೊಂದಾಗಿ ಮುಚ್ಚಿ ನೋಡಬೇಕು. ಪ್ಯಾಡಿನ ಸುತ್ತ ಬೆಳಕಿನ ಗೆರೆ ಕಾಣಬಾರದು. ಕರಾವಳಿಯ ತೇವದಲ್ಲಿ ಒಂದು ಮಳೆಗಾಲ ಕಳೆದ ಹೊಸ ಪ್ಯಾಡುಗಳೂ ಉಬ್ಬಿರುತ್ತವೆ, ಆದ್ದರಿಂದ ಕಳೆದ ವರ್ಷದ ರಿಪೇರಿ ಈಗಲೂ ಸರಿಯಾಗಿಯೇ ಇದೆಯೆಂದು ಭಾವಿಸಬೇಡಿರಿ. ಆ ಕೆಳಗಿನ ಸ್ವರವನ್ನೂ, ಒಂದು ಪೂರ್ತಿ ಆರೋಹಣ ಅವರೋಹಣವನ್ನೂ, ಒಂದು ಕೃತಿಯ ನಾಲ್ಕು ಸಾಲನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿರಿ. ಹತ್ತು ಫೋಟೋಗಳಿಗಿಂತ ಆ ಎರಡು ನಿಮಿಷಗಳು ನಿಮ್ಮ ವಾದ್ಯದ ಪರವಾಗಿ ಹೆಚ್ಚು ಮಾತನಾಡುತ್ತವೆ. ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ. ಸೀರಿಯಲ್ ಸಂಖ್ಯೆ, ಕೆತ್ತನೆ, ಕತ್ತಿನ ಎರಡೂ ಬದಿ, ತಗ್ಗುಗಳು ಎಲ್ಲವೂ ಹತ್ತಿರದಿಂದ ಕಾಣಬೇಕು.

ಯಾರಿಗೆ ಮಾರಬೇಕು ಎಂಬುದರಲ್ಲಿ ಒಂದು ತೊಡಕಿದೆ. ಇಂದು ಉತ್ಸವಗಳಲ್ಲಿ ನುಡಿಸುವ ತರುಣರು ಜಪಾನಿನ ಹೊಸ ವಾದ್ಯಗಳ ಕೀಲಿಗಳಿಗೆ ಒಗ್ಗಿಕೊಂಡವರು. ಕಾನ್ ವಾದ್ಯದ ಎಡಗೈ ಕಿರುಬೆರಳಿನ ಕೀಲಿಗಳು ಬೇರೆ ರೀತಿಯಲ್ಲಿ ಜೋಡಣೆಯಾಗಿದ್ದು ಸ್ವಲ್ಪ ಗಡುಸಾಗಿಯೂ ಇರುತ್ತವೆ. ಆದ್ದರಿಂದ ನಿಮ್ಮ ಊರಿನಲ್ಲಿ ಅದನ್ನು ಮೆಚ್ಚುವವರು ಸಿಕ್ಕರೂ ಕೊಳ್ಳುವವರು ಸಿಗದೆ ಹೋಗಬಹುದು. ಬೆಂಗಳೂರು, ಗೋವೆ, ಮುಂಬಯಿಗಳಲ್ಲಿ ಜಾಜ್ ನುಡಿಸುವವರಿಗೆ ಈ ವಾದ್ಯದ ಅಗಲವಾದ, ಕತ್ತಲು ಛಾಯೆಯ ನಾದವೇ ಬೇಕು. ನನ್ನ ಸಲಹೆಯೆಂದರೆ ಎರಡು ತಿಂಗಳು ನಿಮ್ಮ ಕಡೆಯ ವಾದಕರಲ್ಲಿಯೇ ಬಾಯಿಮಾತಿನಿಂದ ತಿಳಿಸಿ ಕಾಯಿರಿ, ಆಮೇಲೆ ಹೊರಗೆ ಪ್ರಕಟಣೆ ಕೊಡಿರಿ. ಮದುವೆಯ ತಿಂಗಳುಗಳು ಬರುವುದಕ್ಕೆ ಸ್ವಲ್ಪ ಮೊದಲು, ವಾದಕರ ಕೈಗೆ ಮುಂಗಡ ಹಣ ಬರುವ ಕಾಲದಲ್ಲಿ ಕೇಳುವುದು ಒಳ್ಳೆಯದು.

ಪ್ರಕಟಣೆ ಕೊಟ್ಟ ಕೂಡಲೇ ಒಂದು ರೀತಿಯ ಕರೆಗಳು ಬರುತ್ತವೆ. ತಾನು ದೂರದ ಊರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದೇನೆ, ವಾದ್ಯ ನೋಡಬೇಕಾಗಿಲ್ಲ, ನೀವು ಹೇಳಿದ ಬೆಲೆಯೇ ಒಪ್ಪಿಗೆ, ಈಗಲೇ ಹಣ ಕಳುಹಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುತ್ತಾರೆ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಎಂದಿಗೂ ಬೇಕಾಗುವುದಿಲ್ಲ; ಪಿನ್ ಒತ್ತಿದರೆ ಹೋಗುವುದು ನಿಮ್ಮ ಖಾತೆಯ ಹಣ. ಎಂಬತ್ತು ವರ್ಷದ ವಾದ್ಯವನ್ನು ಒಂದೂ ಪ್ರಶ್ನೆ ಕೇಳದೆ ಕೊಳ್ಳುವ ನಿಜವಾದ ಗಿರಾಕಿಯನ್ನು ನಾನು ಕಂಡಿಲ್ಲ.

ಕೊಳ್ಳುವವರು ಮನೆಗೆ ಬಂದು ನುಡಿಸಿ ಕೊಂಡೊಯ್ಯುವುದೇ ಉತ್ತಮ. ಕೊರಿಯರಿನಲ್ಲಿ ಕಳುಹಿಸಲೇಬೇಕಾದರೆ ಕತ್ತನ್ನೂ ಮೌತ್‌ಪೀಸನ್ನೂ ಕಳಚಿ ಬೇರೆಯಾಗಿ ಸುತ್ತಬೇಕು, ತೆರೆದೇ ಇರುವ ಕೀಲಿಗಳ ಕೆಳಗೆ ಕಾರ್ಕಿನ ತುಂಡುಗಳನ್ನಿಟ್ಟು ಅಲುಗದಂತೆ ಮಾಡಬೇಕು, ಬೆಲ್ಲಿನೊಳಗೂ ಪೆಟ್ಟಿಗೆಯ ಖಾಲಿ ಜಾಗದಲ್ಲಿಯೂ ಮೆತ್ತನೆಯ ಬಟ್ಟೆ ತುಂಬಬೇಕು, ಆ ಪೆಟ್ಟಿಗೆಯನ್ನು ಇನ್ನೂ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ನಾಲ್ಕೂ ಕಡೆ ನಾಲ್ಕು ಬೆರಳಿನಷ್ಟು ಒತ್ತು ಕೊಟ್ಟು ಇಡಬೇಕು. ಹಳೆಯ ಪೆಟ್ಟಿಗೆಯೊಳಗೆ ವಾದ್ಯ ಸ್ವಲ್ಪ ಅಲುಗಾಡಿದರೂ ಸಾಕು, ಒಂದು ಸಲ ಎತ್ತಿ ಒಗೆದರೆ ಬೆಲ್ಲಿನ ಆಧಾರದ ಪಟ್ಟಿ ಮೈಯನ್ನೇ ಒಳಕ್ಕೆ ಒತ್ತಿಬಿಡುತ್ತದೆ.

ಕೊನೆಯದಾಗಿ ಮನೆಯ ವಿಷಯ. ತಂದೆಯವರು ಉಯಿಲು ಬರೆದಿರದಿದ್ದರೆ ಈ ವಾದ್ಯದಲ್ಲಿ ನಿಮ್ಮ ತಾಯಿಯವರಿಗೂ ತಮ್ಮನವರಿಗೂ ಹಕ್ಕಿದೆ. ಅವರ ಒಪ್ಪಿಗೆಯ ಸಹಿಯಿರುವ ಒಂದು ಕಾಗದವನ್ನು ಮೊದಲೇ ಮಾಡಿಟ್ಟುಕೊಳ್ಳಿರಿ. ನಿಮ್ಮ ರಿಪೇರಿಯ ಖರ್ಚನ್ನು ಬಂದ ಹಣದಿಂದ ಮೊದಲು ತೆಗೆದುಕೊಳ್ಳುವ ಮಾತನ್ನೂ ಅದರಲ್ಲಿಯೇ ಬರೆಯಿರಿ. ಮಾರಾಟದ ದಿನ ಸೀರಿಯಲ್ ಸಂಖ್ಯೆ, ಬೆಲೆ, ದಿನಾಂಕ, ರಿಪೇರಿಯ ವಿವರ ಇರುವ ರಸೀದಿಯ ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿರಿ. ತಂದೆಯವರು ಈ ವಾದ್ಯವನ್ನು ಯಾರಿಂದ, ಯಾವಾಗ ಕೊಂಡರು, ಎಲ್ಲೆಲ್ಲಿ ನುಡಿಸಿದರು ಎಂಬುದನ್ನು ಒಂದು ಪುಟದಲ್ಲಿ ಬರೆದು, ಅವರು ನುಡಿಸುತ್ತಿರುವ ಒಂದು ಫೋಟೋದ ಪ್ರತಿಯೊಂದಿಗೆ ಪೆಟ್ಟಿಗೆಯೊಳಗೆ ಇಟ್ಟು ಕೊಡಿರಿ. ಕೊಳ್ಳುವವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ ತಾತನವರ ಕಾಲದ, ಬೆಳ್ಳಿ ಲೇಪನದ ಒಂದು ಸ್ಯಾಕ್ಸೋಫೋನ್ ಇದೆ. ಅಮೆರಿಕದ ಬ್ಯೂಷರ್ ಕಂಪನಿಯದು. ಸೀರಿಯಲ್ ಸಂಖ್ಯೆಯಿಂದ 1920ರ ದಶಕದ ಮೊದಲ ಭಾಗದ್ದೆಂದು ತಿಳಿದವರು ಹೇಳಿದರು. ಆಲ್ಟೋಗಿಂತ ಸ್ವಲ್ಪ ದೊಡ್ಡದು, ಟೆನರಿಗಿಂತ ಚಿಕ್ಕದು. ರಿಪೇರಿ ಮಾಡಿಸಿ, ಅಮೆರಿಕದಲ್ಲಿರುವ ಒಬ್ಬ ಸಂಗ್ರಾಹಕರಿಗೆ ಕಳುಹಿಸಬೇಕೆಂದಿದ್ದೇನೆ. ಏನಾದರೂ ತೊಂದರೆಯಿದೆಯೇ?
— ಓದುಗರು, ಮೈಸೂರು

ಉತ್ತರ: ನಿಮ್ಮ ವರ್ಣನೆಯಂತೆ ಅದು ಸಿ ಮೆಲೊಡಿ ಎಂಬ ಬಗೆಯದಾಗಿರಬೇಕು. ಮನೆಯಲ್ಲಿ ಪಿಯಾನೋದ ಜೊತೆಗೆ ಸ್ವರಲಿಪಿಯನ್ನು ಬದಲಾಯಿಸದೆ ನುಡಿಸಲೆಂದು 1920ರ ದಶಕದಲ್ಲಿ ಅಮೆರಿಕದಲ್ಲಿ ಇವುಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿದರು, ಆಮೇಲೆ ಆ ಅಭಿರುಚಿಯೇ ಮಾಯವಾಯಿತು. ಇಂದಿಗೂ ಅಲ್ಲಿ ಅವು ಕೆಲವು ನೂರು ಡಾಲರಿಗೆ ಸಿಗುತ್ತವೆ. ಆದ್ದರಿಂದ ದೊಡ್ಡ ಖರ್ಚಿನ ರಿಪೇರಿ ಮಾಡಿಸಿ ಮಾರುವ ಯೋಚನೆಯಿದ್ದರೆ ಲೆಕ್ಕ ಕೂಡುವುದಿಲ್ಲ. ಮಾಡಿಸುವುದಾದರೂ ಒಂದು ಎಚ್ಚರಿಕೆ ಬೇಕು. ಬ್ಯೂಷರ್ ವಾದ್ಯಗಳಲ್ಲಿ ಹಲವಕ್ಕೆ ಪ್ಯಾಡುಗಳನ್ನು ಅಂಟಿನಿಂದ ಕೂರಿಸಿರುವುದಿಲ್ಲ. ಕೀಲಿಯ ಬಟ್ಟಲಿನ ನಡುವೆ ಒಂದು ಸಣ್ಣ ಮೊಳಕೆಯಿದ್ದು, ಲೋಹದ ಬಿಲ್ಲೆಯನ್ನು ಅಂಗಿಯ ಪ್ರೆಸ್ ಬಟನಿನಂತೆ ಅದರ ಮೇಲೆ ಒತ್ತಿ ಪ್ಯಾಡನ್ನು ಹಿಡಿಸಿರುತ್ತಾರೆ. ಇದನ್ನು ತಿಳಿಯದ ರಿಪೇರಿಯವರು ಸಾಮಾನ್ಯ ಪ್ಯಾಡು ಹಾಕಲು ಆ ಮೊಳಕೆಗಳನ್ನು ಕತ್ತರಿಸಿ ಎಸೆದರೆ, ಸಂಗ್ರಾಹಕರ ಕಣ್ಣಿನಲ್ಲಿ ವಾದ್ಯದ ಬೆಲೆ ಅಲ್ಲಿಗೇ ಇಳಿದಂತೆ. ಕೊಡುವ ಮೊದಲು ಇದನ್ನು ಬಾಯಿಬಿಟ್ಟು ಹೇಳಿರಿ.

ತೊಂದರೆ ಇರುವುದು ವಿದೇಶಕ್ಕೆ ಕಳುಹಿಸುವಲ್ಲಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲಕೃತಿಗಳೂ, ಹಿಂದಿನ ಕಾಲದ ಕಲೆ, ವಿಜ್ಞಾನ, ಸಂಪ್ರದಾಯಗಳನ್ನು ತೋರಿಸುವ ವಸ್ತುಗಳೂ ಪುರಾವಸ್ತುಗಳೆನಿಸುತ್ತವೆ, ಮತ್ತು ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ನಿಮ್ಮ ವಾದ್ಯ ಆ ನೂರರ ಗಡಿಯನ್ನು ಮುಟ್ಟಿದೆ. ಅಮೆರಿಕದ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ವಸ್ತು ಈ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ನೀವು ವಾದ ಹೂಡಬಹುದು, ಆದರೆ ಆ ತೀರ್ಮಾನ ನಿಮ್ಮದೂ ಅಲ್ಲ, ಕೊರಿಯರಿನವರದೂ ಅಲ್ಲ. ಸಂಶಯ ಬಂದಾಗ ನಿರ್ಧರಿಸುವ ಅಧಿಕಾರವನ್ನು ಕಾಯ್ದೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಿಗೆ ಕೊಟ್ಟಿದೆ. ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಆ ಇಲಾಖೆ ಪರಿಶೀಲಿಸಿ ಕೊಡುತ್ತದೆ. ಹಣ ಪಡೆಯುವ ಮೊದಲೇ ಅದಕ್ಕೆ ಅರ್ಜಿ ಹಾಕಿರಿ. ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡರೆ ವಾದ್ಯವೂ ಹೋಗಿ ಗಿರಾಕಿಯ ವಿಶ್ವಾಸವೂ ಹೋಗುತ್ತದೆ. ಇಷ್ಟು ಓಡಾಟಕ್ಕೆ ತಕ್ಕ ಬೆಲೆ ಅದಕ್ಕೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿಯೇ ಉಳಿಸಿಕೊಂಡು, ಬೆಳ್ಳಿ ಕಪ್ಪಾಗದಂತೆ ಒಣ ಜಾಗದಲ್ಲಿ ಇಟ್ಟುಕೊಳ್ಳುವುದು ಮೇಲು.

ಪ್ರಶ್ನೆ: ನಾನು ಸ್ಯಾಕ್ಸೋಫೋನ್ ಕಲಿಯುತ್ತಿರುವ ವಿದ್ಯಾರ್ಥಿ. ಪೂರ್ತಿ ರಿಪೇರಿಯಾದ ಹಳೆಯ ಆಲ್ಟೋವೊಂದು ಬಹಳ ಕಡಿಮೆ ಬೆಲೆಗೆ ಬಂದಿದೆ. ನಾದ ಚೆನ್ನಾಗಿದೆ, ಗಾಳಿ ಎಲ್ಲಿಯೂ ಸೋರುವುದಿಲ್ಲ. ಆದರೆ ಮೌತ್‌ಪೀಸನ್ನು ಎಷ್ಟು ಹೊರಕ್ಕೆ ಎಳೆದರೂ ನಮ್ಮ ಗುರುಗಳ ವಾದ್ಯದ ಶ್ರುತಿಗೆ ಕೂಡುತ್ತಿಲ್ಲ, ಮೇಲೆಯೇ ನಿಲ್ಲುತ್ತದೆ. ಮಾರುವವರು ನಿನ್ನ ಊದುವಿಕೆಯ ದೋಷ ಎನ್ನುತ್ತಾರೆ.
— ಓದುಗರು, ಉಡುಪಿ

ಉತ್ತರ: ನಿಮ್ಮ ಊದುವಿಕೆಯನ್ನು ದೂರುವ ಮೊದಲು ಸೀರಿಯಲ್ ಸಂಖ್ಯೆಯ ಅಕ್ಕಪಕ್ಕದಲ್ಲಿ ಎಚ್ ಎಂಬ ಅಕ್ಷರ ಇದೆಯೇ ನೋಡಿರಿ. ಇಂದು ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂಬ ಅಳತೆ ಎಲ್ಲೆಡೆ ನಡೆಯುತ್ತದೆ. ಹಿಂದೆ ಅದರ ಜೊತೆಗೆ 457 ಕಂಪನಗಳ ಎತ್ತರದ ಶ್ರುತಿಯೂ ಬ್ಯಾಂಡುಗಳಲ್ಲಿ ಇದ್ದುದರಿಂದ ಅಮೆರಿಕದ ಕಂಪನಿಗಳು ಎರಡು ಬಗೆಯ ವಾದ್ಯಗಳನ್ನೂ ಮಾಡುತ್ತಿದ್ದವು. ಎತ್ತರದ ಶ್ರುತಿಯದಕ್ಕೆ ಎಚ್ ಎಂದೂ ತಗ್ಗಿನದಕ್ಕೆ ಎಲ್ ಎಂದೂ ಗುರುತು ಹಾಕುತ್ತಿದ್ದರು. ಎಚ್ ವಾದ್ಯ ಅರ್ಧಸ್ವರದ ಮೂರನೆಯ ಎರಡು ಭಾಗದಷ್ಟು ಮೇಲಿರುತ್ತದೆ. ಅದರ ಮೈಯೇ ಗಿಡ್ಡ, ರಂಧ್ರಗಳ ಅಂತರವೂ ಅದಕ್ಕೆ ತಕ್ಕಂತೆ ಇರುತ್ತದೆ. ಮೌತ್‌ಪೀಸನ್ನು ಎಳೆದರೆ ಒಂದೆರಡು ಸ್ವರ ಕೂಡೀತು, ಉಳಿದ ಸ್ವರಗಳ ನಡುವಿನ ಅಂತರ ಕೆಡುತ್ತದೆ. ಯಾವ ರಿಪೇರಿಯಿಂದಲೂ ಇದು ಸರಿಹೋಗುವುದಿಲ್ಲ.

ಆದರೂ ಅದು ನಿರುಪಯೋಗಿ ಎಂದು ನಾನು ಹೇಳಲಾರೆ. ನಮ್ಮ ಸಂಗೀತದಲ್ಲಿ ಷಡ್ಜವನ್ನು ವಾದ್ಯಕ್ಕೆ ತಕ್ಕಂತೆ ಇಟ್ಟುಕೊಳ್ಳಬಹುದು. ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿಯನ್ನು ಅದಕ್ಕೆ ಹೊಂದಿಸಿ, ಮೌತ್‌ಪೀಸನ್ನು ಅದರ ಸಹಜವಾದ ಜಾಗದಲ್ಲಿಟ್ಟು ಒಬ್ಬರೇ ಕುಳಿತು ಸಾಧನೆ ಮಾಡಲು ಆ ವಾದ್ಯ ಸಾಕು, ಪಿಟೀಲಿನವರೂ ಮೃದಂಗದವರೂ ಅದಕ್ಕೆ ಶ್ರುತಿ ಮಾಡಿಕೊಳ್ಳಬಲ್ಲರು. ಗುರುಗಳ ಜೊತೆಗೆ ಜೋಡಿಯಾಗಿ ನುಡಿಸಲು, ಕೀಬೋರ್ಡ್ ಇರುವ ತಂಡದಲ್ಲಿ ಅಥವಾ ಉತ್ಸವದ ಸೆಟ್ಟಿನಲ್ಲಿ ಸೇರಲು ಅದು ಎಂದಿಗೂ ಆಗುವುದಿಲ್ಲ. ನೀವು ಕಲಿಯುವ ವಿದ್ಯಾರ್ಥಿ, ದಿನವೂ ಗುರುಗಳ ಎದುರು ಕುಳಿತು ಅವರ ಸ್ವರಕ್ಕೆ ಸ್ವರ ಸೇರಿಸಬೇಕಾದವರು. ಆದ್ದರಿಂದ ಬೆಲೆ ಎಷ್ಟೇ ಕಡಿಮೆಯಾಗಿದ್ದರೂ ನಿಮಗೆ ಅದು ಬೇಡ. ಮಾರುವವರಿಗೆ ಎಚ್ ಅಕ್ಷರವನ್ನು ತೋರಿಸಿ, ಅದರ ಅರ್ಥವನ್ನು ವಿನಯದಿಂದ ತಿಳಿಸಿರಿ. ಅವರಿಗೂ ಅದು ಗೊತ್ತಿಲ್ಲದೆ ಇರಬಹುದು, ಮತ್ತು ಮುಂದೆ ಬರುವ ಗಿರಾಕಿಗೆ ಅವರು ಅದನ್ನು ಮೊದಲೇ ಹೇಳಿ ಮಾರುವಂತಾಗಬೇಕು.